3.4 ವೋಲ್ಟ್‌ಗೆ ಇಳಿದ ಬೈಕ್ ಬ್ಯಾಟರಿ: ಎಬ್ಬಿಸೋಕಾಗುತ್ತಾ, ಗುಜರಿಗೆ ಹಾಕ್ಬೇಕಾ?

ಗುಡುಗುಡು350:
ಬೈಕು ಕ್ಲಾಸಿಕ್ 350, ಹಳೇ ಕಾರ್ಬ್ಯುರೇಟರ್ ಮಾಡೆಲ್. ಅದರಲ್ಲಿರೋದು 12 ವೋಲ್ಟ್ 14 ಎಎಚ್ (ಆಂಪಿಯರ್-ಅವರ್, ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಲೆಕ್ಕ), ಆರು ಮುಚ್ಚಳದ ನೀರಿನ ಬ್ಯಾಟರಿ, ಒಂದೊಂದು ಮುಚ್ಚಳದ ಕೆಳಗೆ ಒಂದೊಂದು ಸೆಲ್, ಎರಡು ವರ್ಷ ಆಗಿದೆ. ಏಳು ತಿಂಗಳು ಶೆಡ್ಡಲ್ಲಿ ನಿಂತಿತ್ತು, ಟರ್ಮಿನಲ್ ಬಿಚ್ಚಿರಲಿಲ್ಲ. ಈಗ ಕೀ ತಿರುಗಿಸಿದ್ರೆ ನ್ಯೂಟ್ರಲ್ ಲೈಟೂ ಬರಲ್ಲ. ಮಲ್ಟಿಮೀಟರ್ 3.4 ತೋರಿಸುತ್ತೆ. 1 ಆಂಪಿಯರ್‌ನ ಆಟೊಮ್ಯಾಟಿಕ್ ಚಾರ್ಜರ್ ಸಿಕ್ಕಿಸಿದ್ರೆ ಕೆಂಪು ಲೈಟ್ ಎರಡು ಸಲ ಮಿಟುಕಿ ಸುಮ್ಮನಾಗುತ್ತೆ. ಎರಡು ಸೆಲ್‌ನಲ್ಲಿ ನೀರು ಕೆಳಗಿನ ಗೆರೆಗಿಂತ ಕೆಳಗಿದೆ. ಅಂಗಡಿಯವರು ಮೀಟರ್ ಕೂಡ ಇಡದೆ ಹೊಸದು ಹಾಕ್ಸಿ ಅಂದ್ರು. ವಿಡಿಯೋಗಳಲ್ಲಿ ಎಪ್ಸಮ್ ಸಾಲ್ಟ್, ಅಡುಗೆ ಸೋಡಾ ಹಾಕಿ ಅಂತಾರೆ. ಯಾವುದನ್ನ ನಂಬೋದು?

ಆಂಪಿಯರ್ ಭಟ್ರು:
3.4 ಅನ್ನೋ ಅಂಕಿಯಿಂದ ಬ್ಯಾಟರಿ ಸತ್ತಿದೆ ಅಂತ ತೀರ್ಮಾನ ಮಾಡಕ್ಕಾಗಲ್ಲ. ಕರೆಂಟ್ ಕೊಟ್ಟಾಗ ಅದು ಹೇಗೆ ನಡ್ಕೊಳ್ಳುತ್ತೆ ಅನ್ನೋದು ಮುಖ್ಯ.

ಚಾರ್ಜರ್ ಸುಮ್ಮನಾಗೋದು ಅದರ ತಪ್ಪಲ್ಲ. ಆಟೊಮ್ಯಾಟಿಕ್ ಚಾರ್ಜರ್‌ಗಳು ಮೊದಲು ವೋಲ್ಟೇಜ್ ನೋಡ್ತವೆ. ತೀರಾ ಕಮ್ಮಿ ಇದ್ರೆ ಬ್ಯಾಟರಿ ಶಾರ್ಟ್ ಆಗಿದೆ ಅಥವಾ ಕ್ಲಿಪ್ಪೇ ಸಿಕ್ಕಿಸಿಲ್ಲ ಅಂದ್ಕೊಂಡು ಕೈ ಎತ್ತಿಬಿಡ್ತವೆ. ಒಳಗಡೆ ಆಗಿರೋದು ಸಲ್ಫೇಷನ್. ಚಾರ್ಜ್ ಇಳಿದಂತೆಲ್ಲ ಪ್ಲೇಟ್ ಮೇಲೆ ಲೆಡ್ ಸಲ್ಫೇಟ್ ಕೂರುತ್ತೆ, ಅದು ಮಾಮೂಲಿ. ತಿಂಗಳುಗಟ್ಟಲೆ ಹಾಗೇ ಬಿಟ್ರೆ ಅದೇ ಗಟ್ಟಿ ಹರಳಾಗಿ ಕರೆಂಟನ್ನ ಒಳಗೆ ಬಿಟ್ಕೊಳ್ಳಲ್ಲ.

ಬ್ಯಾಟರಿ ಹೊರಗೆ ತೆಗೀರಿ. ಮೊದಲು ಮೈನಸ್, ಆಮೇಲೆ ಪ್ಲಸ್. ಉಲ್ಟಾ ಮಾಡಿದ್ರೆ ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿ ಶಾರ್ಟ್ ಆಗುತ್ತೆ. ಗಾಳಿ ಆಡೋ ಕಡೆ ಇಡಿ, ದೇವರ ದೀಪ, ಗ್ಯಾಸ್ ಒಲೆ, ಬೀಡಿ ಯಾವುದೂ ಹತ್ತಿರ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ. ಕಣ್ಣಿಗೆ ಕನ್ನಡಕ ಇರಲಿ.

ಆರೂ ಮುಚ್ಚಳ ತೆಗೆದು, ಕಮ್ಮಿ ಇರೋ ಸೆಲ್‌ಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಪ್ಲೇಟ್ ಮುಳುಗೋಷ್ಟು ಮಾತ್ರ. ಈಗಲೇ ಮೇಲಿನ ಗೆರೆವರೆಗೆ ತುಂಬಿದ್ರೆ ಚಾರ್ಜ್ ಆಗ್ತಾ ಮಟ್ಟ ಏರಿ ಆಸಿಡ್ ಉಕ್ಕುತ್ತೆ. ಗೆರೆಗೆ ಸರಿ ಮಾಡೋದು ಚಾರ್ಜ್ ಮುಗಿದ ಮೇಲೆ. ಆರ್‌ಓ ನೀರು, ಎಸಿಯಿಂದ ತೊಟ್ಟಿಕ್ಕಿದ ನೀರು ಬೇಡ. ಆಸಿಡ್ ಅಂತೂ ಹಾಕಲೇಬೇಡಿ. ಆವಿಯಾಗಿ ಹೋಗಿರೋದು ನೀರು, ಆಸಿಡ್ ಅಲ್ಲೇ ಇದೆ.

ಈಗ ಎಬ್ಬಿಸೋ ಕೆಲಸ. ಒಂದು ಒಳ್ಳೇ 12 ವೋಲ್ಟ್ ಬ್ಯಾಟರಿ ತಗೊಳ್ಳಿ, ಯುಪಿಎಸ್‌ದೂ ನಡೆಯುತ್ತೆ. ಎರಡರ ಮೈನಸ್ ನೇರವಾಗಿ ಸೇರಿಸಿ. ಪ್ಲಸ್‌ಗಳ ಮಧ್ಯೆ ಇಂಡಿಕೇಟರ್‌ನ 12 ವೋಲ್ಟ್ 10 ವ್ಯಾಟ್ ಬಲ್ಬ್ ಹಾಕಿ. ಬಲ್ಬ್ ಇರೋದ್ರಿಂದ ಹೆಚ್ಚೂಕಮ್ಮಿ 0.8 ಆಂಪಿಯರ್‌ಗಿಂತ ಜಾಸ್ತಿ ಹರಿಯಲ್ಲ. ಜೊತೆಗೆ ಒಳಗಿನ ಕಥೆಯನ್ನೂ ಅದೇ ಹೇಳುತ್ತೆ:

- ಮೊದಲು ಪ್ರಕಾಶವಾಗಿ ಉರಿದು ನಿಧಾನಕ್ಕೆ ಮಂದವಾದ್ರೆ ಬ್ಯಾಟರಿ ಚಾರ್ಜ್ ಹಿಡೀತಿದೆ.
- ಒಂದು ಗಂಟೆ ಆದ್ರೂ ಪೂರ್ತಿ ಉರೀತಾನೇ ಇದ್ರೆ ಸೆಲ್‌ಗಳು ಶಾರ್ಟ್, ಅಲ್ಲಿಗೆ ಬಿಡಿ.
- ಉರಿಯೋದೇ ಇಲ್ಲ, ಆದ್ರೆ ಸತ್ತ ಬ್ಯಾಟರಿ ಮೇಲೆ ಮೀಟರ್ ತಕ್ಷಣ 12 ತೋರಿಸುತ್ತೆ ಅಂದ್ರೆ ಸಲ್ಫೇಟ್ ದಪ್ಪಗೆ ಕೂತಿದೆ.

ಎರಡು ಮೂರು ಗಂಟೆ ಹಾಗೇ ಬಿಟ್ಟು, ಆಮೇಲೆ ಚಾರ್ಜರ್ ಹಾಕಿ. 14 ಎಎಚ್‌ಗೆ 1.4 ಆಂಪಿಯರ್ ಮಿತಿ, ನಿಮ್ಮ 1 ಆಂಪಿಯರ್ ಸರಿಯಾಗಿದೆ. 15-18 ಗಂಟೆ ಹಿಡಿಯುತ್ತೆ. ಹತ್ತೇ ನಿಮಿಷಕ್ಕೆ ಹಸಿರು ಲೈಟ್ ಬಂದ್ರೆ ಖುಷಿ ಪಡಬೇಡಿ. ಸಲ್ಫೇಟ್‌ನಿಂದ ವೋಲ್ಟೇಜ್ ಸುಳ್ಳೇ ಏರಿದೆ, ಚಾರ್ಜರ್ ಏಮಾರಿದೆ ಅಷ್ಟೆ. ಆಗ ವೋಲ್ಟ್, ಆಂಪಿಯರ್ ಎರಡೂ ಹೊಂದಿಸೋಕೆ ಬರೋ ಪವರ್ ಸಪ್ಲೈ ಬೇಕು. 15.5 ವೋಲ್ಟ್‌ಗೆ ಇಟ್ಟು ಕರೆಂಟ್ 0.2 ಆಂಪಿಯರ್‌ಗೆ ಕಟ್ಟಿಹಾಕಿ, ಒಂದೆರಡು ದಿನ ಬಿಡಿ. ಕರೆಂಟ್ ಎಳೆಯೋಕೆ ಶುರು ಮಾಡಿ ವೋಲ್ಟೇಜ್ ತಾನಾಗೇ 13ರ ಹತ್ತಿರ ಇಳಿದ್ರೆ ದಾರಿಗೆ ಬಂತು ಅಂತ. ಆಮೇಲೆ 14.4ಕ್ಕೆ ಇಳಿಸಿ ಮಾಮೂಲಿ ಚಾರ್ಜ್. ಕೈ ಇಟ್ಟಾಗ ಬಾಡಿ ಸುಡ್ತಿದ್ರೆ ಆಫ್ ಮಾಡಿ, ತಣ್ಣಗಾದ ಮೇಲೆ ಮುಂದುವರಿಸಿ.

ಹುಬ್ಳಿ ಮಂದಿ:
ಭಟ್ರು ಹೇಳಿದ್ದು ಖರೆ ಐತಿ. ಬ್ಯಾಟರಿ ಒಳಗ ಅಡಿಗಿ ಸೋಡಾ ಮಾತ್ರ ಹಾಕಬ್ಯಾಡ್ರಿ ಸರ. ಸೋಡಾ ಆಸಿಡ್‌ನ್ನ ಕೊಲ್ಲತೈತಿ, ಆಸಿಡ್ ಹೋತಂದ್ರ ಬ್ಯಾಟರಿನ ಹೋತು. ಟರ್ಮಿನಲ್ ಮ್ಯಾಲೆ ಹಸರ-ಬಿಳಿ ಬೂಷ್ಟು ಬಂದಿದ್ರ ಅದನ್ನ ತೊಳ್ಯಾಕ ಸೋಡಾ ನೀರು ಚಲೋ, ಆದ್ರ ಮುಚ್ಚಳ ಬಿಗಿ ಮಾಡಿ ತೊಳೀರಿ. ಎಪ್ಸಮ್ ಸಾಲ್ಟ್ ಹಾಕಿದ್ರ ನಾಕ್ ದಿನ ಎದ್ದಂಗ ಕಾಣಬಹುದು, ಗಟ್ಟಿ ಸಲ್ಫೇಟ್ ಏನ್ ಕರಗೂದಿಲ್ಲ. ಮ್ಯಾಲಿಂದ ಹೈಡ್ರೋಮೀಟರ್ (ಆಸಿಡ್ ಎಷ್ಟು ಸಾಂದ್ರ ಐತಿ ಅಂತ ಅಳಿಯೂದು) ಓದಿದ್ದೂ ಸುಳ್ಳಾಕ್ಕತಿ.

ಇನ್ನೊಂದು, ಕಾರಿಂದ ಜಂಪ್ ಕೊಡಾವ್ರು ಕಾರಿನ ಇಂಜಿನ್ ಚಾಲೂ ಇಡಬ್ಯಾಡ್ರಿ. ಸಣ್ಣ ಬ್ಯಾಟರಿಗೆ ಕಾರಿನ ಆಲ್ಟರ್ನೇಟರ್ ಹತ್ತಾರು ಆಂಪಿಯರ್ ದಬ್ಬತೈತಿ, ನೀರು ಕುದಿಸಿಬಿಡತೈತಿ. ಬ್ಯಾಟರಿ ತಗದು ಕಿಕ್ ಹೊಡದು ಓಡಸೂದೂ ಬ್ಯಾಡ. ಬ್ಯಾಟರಿ ಇಲ್ಲಂದ್ರ ವೋಲ್ಟೇಜ್ ಹಿಡಿಯಾವ್ರು ಯಾರೂ ಇಲ್ಲ, ಬಲ್ಬ್, ರೆಗ್ಯುಲೇಟರ್ ಎಲ್ಲಾ ಸುಡಬಹುದು.

ರೆಕ್ಟಿಫೈಯರ್:
ಸೀಲ್ ಬ್ಯಾಟರಿ ಇರೋರು ಇದನ್ನ ಓದಿ 15.5 ಕೊಡಬೇಡಿ. ಮುಚ್ಚಳ ಇಲ್ಲದ ಇಂಥ ಬ್ಯಾಟರಿಗೆ (ವಿಆರ್‌ಎಲ್‌ಎ ಅಂತಾರೆ) 14.7 ಮೇಲೆ ಹೋಗಲೇಬಾರದು. ವಾಲ್ವ್‌ನಿಂದ ಆವಿ ಹೋದ್ರೆ ನೀರು ಮತ್ತೆ ತುಂಬೋ ದಾರಿ ಇಲ್ಲ. ಹೊಟ್ಟೆ ಉಬ್ಬಿದ್ದರೆ ಚಾರ್ಜಿಗೇ ಇಡಬೇಡಿ.

ಗುಡುಗುಡು ಅವರೇ, ಚಾರ್ಜ್ ಆದ ತಕ್ಷಣ ಮೀಟರ್ ಹಿಡಿದ್ರೆ ಏನೂ ಗೊತ್ತಾಗಲ್ಲ. ಕ್ಲಿಪ್ ತೆಗೆದು 12 ಗಂಟೆ ಬಿಟ್ಟು ನೋಡಿ. 12.6-12.7 ನಿಂತ್ರೆ ಒಳ್ಳೇದು, 12.2ಕ್ಕೆ ಇಳಿದ್ರೆ ಅನುಮಾನ, 10.5 ಸುತ್ತಮುತ್ತ ಬಂದ್ರೆ ಒಂದು ಸೆಲ್ ಹೋಗಿದೆ (ಒಂದು ಸೆಲ್ 2.1 ವೋಲ್ಟ್, ಐದಕ್ಕೆ 10.5). ನಿಂತ್ರೂ ಅಲ್ಲಿಗೆ ನಿಲ್ಲಿಸಬೇಡಿ, ಲೋಡ್ ಕೊಡಿ. ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬ್ 1.75 ಆಂಪಿಯರ್ ಎಳೆಯುತ್ತೆ. ಅದನ್ನ ಹಾಕಿ 10.5ಕ್ಕೆ ಇಳಿಯೋವರೆಗೆ ಗಂಟೆ ಎಣಿಸಿ. ಏಳು ಗಂಟೆ ಹತ್ತಿರ ಬಂದ್ರೆ ಹೊಸದರಷ್ಟೇ ಗಟ್ಟಿ, ನಾಲ್ಕು ಗಂಟೆ ಅಂದ್ರೆ 7 ಎಎಚ್, ಅರ್ಧ ಉಳಿದಿದೆ. ಅರ್ಧಕ್ಕೆ ಕಿಕ್ ಹೊಡೆದು ಓಡಿಸಬಹುದು, ಸೆಲ್ಫ್ ಆಸೆ ಬಿಡಿ. ಸೆಲ್ಫ್ ಒತ್ತಿದಾಗ 9.5ಕ್ಕಿಂತ ಕೆಳಗೆ ಬಿದ್ರೂ ಅದೇ ಅರ್ಥ. ಪರೀಕ್ಷೆ ಆದ ಕೂಡ್ಲೇ ಮತ್ತೆ ಚಾರ್ಜಿಗೆ ಹಾಕೋದು ಮರೀಬೇಡಿ, ಖಾಲಿ ಬಿಟ್ರೆ ಪುನಃ ಸಲ್ಫೇಟ್.

ಬರಿದಾಗಿದ್ದು ಯಾಕೆ ಅಂತಾನೂ ಹುಡುಕಿ. ಕೀ ಆಫ್ ಮಾಡಿ, ಮೈನಸ್ ಟರ್ಮಿನಲ್‌ಗೂ ಅದರ ವೈರಿಗೂ ಮಧ್ಯೆ ಮೀಟರನ್ನ ಮೊದಲು 10 ಆಂಪಿಯರ್ ತೂತಲ್ಲಿ ಹಾಕಿ, ಸೊನ್ನೆ ಹತ್ತಿರ ಇದ್ರೆ ಮಿಲಿಆಂಪಿಯರ್ ತೂತಿಗೆ ಬದಲಾಯಿಸಿ. ಕಾರ್ಬ್ಯುರೇಟರ್ ಬೈಕಿಗೆ 1 ಮಿಲಿಆಂಪಿಯರ್ ಒಳಗಿರಬೇಕು. ಮೀಟರ್ ಸಿಕ್ಕಿಸಿರುವಾಗ ಸೆಲ್ಫ್ ಒತ್ತಿದ್ರೆ ಅದರ ಫ್ಯೂಸ್ ಹೋಗುತ್ತೆ. ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದು 20 ಮಿಲಿಆಂಪಿಯರ್ ಎಳೀತಿದ್ರೂ ದಿನಕ್ಕೆ ಹತ್ತಿರ ಅರ್ಧ ಎಎಚ್, ತಿಂಗಳಿಗೆ 14 ಎಎಚ್ ಪೂರ್ತಿ ಖಾಲಿ. ಬೈಕ್ ಸ್ಟಾರ್ಟ್ ಆದ ಮೇಲೆ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಟರ್ಮಿನಲ್ ಮೇಲೆ 13.8ರಿಂದ 14.5 ಬರ್ತಿದೆಯಾ ನೋಡಿ. 15 ದಾಟಿದ್ರೆ ರೆಗ್ಯುಲೇಟರ್ ಹೋಗಿದೆ. ನಿಮ್ಮ ಎರಡು ಸೆಲ್ ನೀರು ಕುಡಿದಿರೋದಕ್ಕೆ ಅದೂ ಕಾರಣ ಇರಬಹುದು.

ಗುಡುಗುಡು350:
ಅಪ್‌ಡೇಟ್. ಬಲ್ಬ್ ಹತ್ತು ನಿಮಿಷ ಚೆನ್ನಾಗಿ ಉರಿದು ಮಂದ ಆಯ್ತು. ಮೂರು ಗಂಟೆ ಆದ್ಮೇಲೆ ಚಾರ್ಜರ್ ಹಿಡ್ಕೊಳ್ತು. 20 ಗಂಟೆ ಆದ್ರೂ ಹಸಿರು ಬಂದಿಲ್ಲ. ಐದು ಸೆಲ್‌ನಲ್ಲಿ ಸಣ್ಣಗೆ ಗುಳ್ಳೆ ಬರ್ತಿವೆ, ಪ್ಲಸ್ ಕಡೆಯಿಂದ ಎರಡನೇದು ಸುಮ್ಮನೆ ಕೂತಿದೆ. ರಾತ್ರಿ ಬಿಟ್ಟು ನೋಡಿದ್ರೆ 10.6. ಸೋರಿಕೆ 0.4 ಮಿಲಿಆಂಪಿಯರ್.

ಆಂಪಿಯರ್ ಭಟ್ರು:
ಆ ಸೆಲ್ ಶಾರ್ಟ್. ಗುಳ್ಳೆ ಬರದೇ ಇರೋದೇ ಗುರುತು. ಖಾತ್ರಿ ಬೇಕಿದ್ರೆ ಬೈಕ್ ಬ್ಯಾಟರಿಗೆ ಹೊಂದೋ ಸಣ್ಣ ಹೈಡ್ರೋಮೀಟರ್ ತಂದು ನೋಡಿ, ಕಾರಿನದ್ದಕ್ಕೆ ಆಸಿಡ್ ಸಾಲಲ್ಲ. ಉಳಿದವು 1.240 ಮೇಲೆ, ಅದೊಂದು 1.100 ಆಸುಪಾಸು ಇರುತ್ತೆ. ಪ್ಲೇಟಿನ ಪುಡಿ ಉದುರಿ ಕೆಳಗೆ ಸೇರಿಕೊಂಡಿರುತ್ತೆ, ಅಥವಾ ಮಧ್ಯದ ಸೆಪರೇಟರ್ ಹರಿದಿರುತ್ತೆ. ಅದಕ್ಕೆ ಯಾವ ಚಾರ್ಜರೂ ಮದ್ದಲ್ಲ. ಚಾರ್ಜಿಗೆ ಇಟ್ಟೇ ಬಿಟ್ರೆ ಉಳಿದ ಐದು ಸೆಲ್ ಓವರ್‌ಚಾರ್ಜ್ ಆಗಿ ಕುದಿಯುತ್ತವೆ, ಈಗಲೇ ತೆಗೆದುಬಿಡಿ. ಅಂಗಡಿಯವರ ತೀರ್ಪು ಸರಿಯೇ, ನೋಡದೆ ಕೊಟ್ಟಿದ್ದಷ್ಟೇ ತಪ್ಪು.

ಹಳೇದನ್ನ ಕಸಕ್ಕೆ ಹಾಕಬೇಡಿ, ಸೀಸಕ್ಕೆ ಬೆಲೆ ಇದೆ, ಅಂಗಡಿಯಲ್ಲೇ ಕೊಟ್ಟು ಹೊಸದರ ಬಿಲ್ಲಲ್ಲಿ ಕಳೆಸಿ. ಹೊಸದಕ್ಕೂ ಆಸಿಡ್ ಅಲ್ಲೇ ತುಂಬಿಸೋದಾದ್ರೆ, ತುಂಬಿ ಅರ್ಧ ಗಂಟೆ ನೆನೆಯೋಕೆ ಬಿಟ್ಟು, ಫಸ್ಟ್ ಚಾರ್ಜ್ ಮುಗಿಸಿ ಕೊಡಿ ಅನ್ನಿ. ಅವಸರಕ್ಕೆ ತುಂಬಿದ ಹಾಗೇ ಬೈಕಿಗೆ ಹಾಕ್ತಾರೆ, ಆ ಬ್ಯಾಟರಿ ಯಾವತ್ತೂ ಪೂರ್ತಿ 14 ಎಎಚ್ ಕೊಡಲ್ಲ. ಪಕ್ಕದ ಗಾಳಿ ಪೈಪ್ ಮಡಚಿಕೊಳ್ಳದ ಹಾಗೆ, ಚೈನ್ ಮೇಲೆ ತೊಟ್ಟಿಕ್ಕದ ಹಾಗೆ ಕೆಳಗೆ ಇಳಿಬಿಡಿ.