ಸಹಾಯ ಬೇಕು: ಮನೆ ಕಟ್ಟುವ ಜಾಗದಲ್ಲಿ ಐಸ್ ಪ್ಲಾಂಟ್, ಠರಾವು (ನಿರ್ಣಯ) ಒಂದೇ ಸಾಕಾ?

ನಮಸ್ಕಾರ. ನಮ್ಮದು ಉತ್ತರ ಕನ್ನಡ ಕರಾವಳಿಯ ಒಂದು ಪೇಟೆ, ಊರಿನ ಹೆಸರು ಬೇಡ, ಸುಮ್ನೆ ಗಲಾಟೆ ಆಗುತ್ತದೆ. ಮನೆ ಪಕ್ಕದ ಖಾಲಿ ಜಾಗದಲ್ಲಿ ಐಸ್ ಪ್ಲಾಂಟ್ ಕಟ್ಟಲು ತಯಾರಿ ನಡೆದಿದೆ. ಟಿಪ್ಪರ್‌ನವನು ನಮ್ಮ ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲೇ ಚಿರೆಕಲ್ಲು ಸುರಿದು ಹೋಗಿದ್ದಾನೆ, ದಾಸವಾಳದ ಗಿಡ ಹೋಯಿತು ಅಂತ ಅಮ್ಮ ಇನ್ನೂ ಬೈಯುತ್ತಿದ್ದಾರೆ.

ಆ ಜಾಗಕ್ಕೆ ಬಿನ್‌ಶೇತ್ಕಿ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿರುವುದು ವಾಸಕ್ಕೆ ಮಾತ್ರ. ಮಾಸ್ಟರ್ ಪ್ಲಾನ್ ನಕ್ಷೆಯಲ್ಲೂ ಹಳದಿ ಬಣ್ಣ, ಅಂದರೆ ವಸತಿ ವಲಯ. ವಾರ್ಡ್ ಮೆಂಬರ್ ಹತ್ತಿರ ಕೇಳಿದರೆ, "ಮೀಟಿಂಗಿನಲ್ಲಿ ಠರಾವು ಆಗಿದೆ ಮಾರಾಯ್ರೆ, ಇನ್ನೇನು ಮಾಡಲಿಕ್ಕಾಗುತ್ತದೆ" ಅಂದರು. ಅದಕ್ಕೆ ಕೈ ಎತ್ತಿದವರಲ್ಲಿ ಅವರೂ ಒಬ್ಬರು, ಅದು ಬೇರೆ ವಿಷಯ. ಲಿಖಿತ ತಕರಾರು ಕೊಟ್ಟೆ, ಹಿಂಬರಹ (ಕಚೇರಿಯ ಲಿಖಿತ ಉತ್ತರ) ಇಲ್ಲ. ಠರಾವಿನ ನಕಲು ಕೇಳಿ ಆರ್‌ಟಿಐ ಹಾಕಿದೆ, 30 ದಿನ ದಾಟಿತು, ಅದಕ್ಕೂ ಸುದ್ದಿ ಇಲ್ಲ.

ಗೊಂದಲ ಇರುವುದು ಇಲ್ಲಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಓದಿದೆ. ಭೂ ಬಳಕೆ ಬದಲಾವಣೆಗೆ ಒಪ್ಪಿಗೆ ಕೊಡುವುದು ಯೋಜನಾ ಪ್ರಾಧಿಕಾರ, ಅದಕ್ಕೆ ಮೊದಲು ಪೇಪರಿನಲ್ಲಿ ಹಾಕಿ ಜನರ ಆಕ್ಷೇಪಣೆ ಕರೆಯಬೇಕು ಅಂತಿದೆ. ನಾವು ದಿನಾ ಪೇಪರ್ ತರಿಸುತ್ತೇವೆ, ನಮ್ಮ ಕಣ್ಣಿಗಂತೂ ಬಿದ್ದಿಲ್ಲ. ಹಾಗಾದರೆ ಬರೀ ಠರಾವಿನ ಮೇಲೆ ಕಟ್ಟಡ ಪರವಾನಿಗೆ ಕೊಡಲು ಬರುತ್ತದಾ? ಕೆಲಸ ನಿಲ್ಲಿಸಲು ಮೊದಲು ಎಲ್ಲಿಗೆ ಹೋಗಬೇಕು, ಯೋಜನಾ ಪ್ರಾಧಿಕಾರಕ್ಕೋ, ಡಿಸಿ ಆಫೀಸಿಗೋ, ಸೀದಾ ಕೋರ್ಟಿಗೋ? ಇಂಥದ್ದು ಎದುರಿಸಿದವರಿದ್ದರೆ ಬೇಗ ಹೇಳಿ, ಸೋಮವಾರ ಪಾಯ ತೆಗೆಯುತ್ತಾರಂತೆ.