ಛಾವಣಿ ಸೌರಫಲಕ ಮತ್ತು ನೆಟ್ ಮೀಟರ್: 4ನೇ ಅಡ್ಡರಸ್ತೆಯವರು ಒಟ್ಟಾಗಿ ಅರ್ಜಿ ಹಾಕುವ ಕುರಿತು

ಸಂಘದ ಕಾರ್ಯದರ್ಶಿ, 12ನೇ ಮನೆ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ನಮ್ಮ ಅಡ್ಡರಸ್ತೆಯಲ್ಲಿ ಈಗ ಮೂರು ಮನೆಗಳ ತಾರಸಿಯ ಮೇಲೆ ಸೌರಫಲಕಗಳಿವೆ, ಇನ್ನೂ ಒಂಬತ್ತು ಮನೆಯವರು ಹಾಕಿಸುವ ಯೋಚನೆಯಲ್ಲಿದ್ದಾರೆ. ಈ ನಡುವೆ ರಸ್ತೆಯ ತುದಿಯಲ್ಲಿರುವ 21ನೇ ಮನೆಯಲ್ಲಿ ಎರಡು ತಿಂಗಳಿನಿಂದ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಸರಿಯಾಗಿ ಇನ್ವರ್ಟರ್ (ಫಲಕದ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ ಯಂತ್ರ) ತಾನಾಗಿ ನಿಂತು, ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಶುರುವಾಗುತ್ತಿದೆ. ಅದು ಆ ಮನೆಯವರ ತೊಂದರೆ ಎಂದು ಸುಮ್ಮನಿರುವಂತಿಲ್ಲ, ಏಕೆಂದರೆ ಇದೇ ಟಿಸಿಯ (ರಸ್ತೆಯ ಟ್ರಾನ್ಸ್‌ಫಾರ್ಮರ್) ಇದೇ ತಂತಿಗೆ ಇನ್ನೂ ಒಂಬತ್ತು ಮನೆ ಸೇರಿದರೆ ಎಲ್ಲರಿಗೂ ಅದೇ ಗತಿಯಾಗಬಹುದು. ಆದ್ದರಿಂದ ಬಿಡಿಬಿಡಿಯಾಗಿ ಓಡಾಡದೆ ಒಟ್ಟಾಗಿ ನಮಗೆ ವಿದ್ಯುತ್ ಕೊಡುವ ಮೆಸ್ಕಾಂನ ಉಪವಿಭಾಗ ಕಚೇರಿಗೆ ಹೋಗೋಣ ಎಂಬುದು ನನ್ನ ಪ್ರಸ್ತಾವ.

ಅದಕ್ಕೂ ಮೊದಲು, ಹೊರಗೆ ಕೊಟ್ಟ ಮತ್ತು ಹೊರಗಿನಿಂದ ಪಡೆದ ಯೂನಿಟ್‌ಗಳನ್ನು ಬೇರೆಬೇರೆಯಾಗಿ ಎಣಿಸುವ ನೆಟ್ ಮೀಟರ್‌ನಿಂದ ನಿಜವಾಗಿ ಆಗುವ ಲಾಭವೇನು ಎಂದು ಕಳೆದ ಸಭೆಯಲ್ಲಿ ಹಲವರು ಕೇಳಿದ್ದರಿಂದ ನಮ್ಮ ಮನೆಯ ಲೆಕ್ಕವನ್ನೇ ಮುಂದಿಡುತ್ತೇನೆ. ನಮ್ಮದು 3 ಕಿಲೋವಾಟ್. ಏಪ್ರಿಲ್ ತಿಂಗಳಲ್ಲಿ ಫಲಕಗಳು 372 ಯೂನಿಟ್ ಕೊಟ್ಟವು. ಹಗಲು ಹೊತ್ತು ಮನೆಯಲ್ಲಿ ಇರುವುದು ಅಮ್ಮ ಒಬ್ಬರೇ, ಫ್ರಿಜ್ಜು, ಫ್ಯಾನು, ಬೆಳಗಿನ ಪಂಪು ಎಲ್ಲ ಸೇರಿ ನೇರವಾಗಿ ಬಳಕೆಯಾದದ್ದು 110 ಯೂನಿಟ್ ಮಾತ್ರ. ಉಳಿದ 262 ಯೂನಿಟ್ ಮೀಟರ್ ದಾಟಿ ಹೊರಗೆ ಹೋಯಿತು, ಸಂಜೆಯಿಂದ ಬೆಳಗಿನವರೆಗೆ ನಾವು ಹೊರಗಿನಿಂದ 205 ಯೂನಿಟ್ ಪಡೆದೆವು. ನೆಟ್ ಮೀಟರ್ ಇಲ್ಲದಿದ್ದರೆ ಆ 262ಕ್ಕೆ ಬೆಲೆಯೇ ಇರುತ್ತಿರಲಿಲ್ಲ, 205ಕ್ಕೆ ಪೂರ್ತಿ ಬಿಲ್ ಬರುತ್ತಿತ್ತು. ಮೀಟರ್ ಇದ್ದುದರಿಂದ ಒಂದಕ್ಕೊಂದು ವಜಾ ಆಗಿ 57 ಯೂನಿಟ್ ನಮ್ಮ ಕಡೆಗೇ ಉಳಿಯಿತು, ಬಿಲ್ಲಿನಲ್ಲಿ ನಾವು ಕೊಡಬೇಕಾಗಿ ಬಂದದ್ದು ನಿಗದಿತ ಶುಲ್ಕವಷ್ಟೆ. ಮಧ್ಯಾಹ್ನ ಕೊಟ್ಟ ಒಂದು ಯೂನಿಟ್‌ಗೆ ರಾತ್ರಿ ಪಡೆದ ಒಂದು ಯೂನಿಟ್‌ನಷ್ಟೇ ಬೆಲೆ, ಅಂದರೆ ಇಂದಿನ ದರದಲ್ಲಿ ಆರು ರೂಪಾಯಿಗೆ ಹತ್ತಿರ, ಸಿಗುವುದೇ ಇದರ ಮುಖ್ಯ ಲಾಭ. ಅದೇ ಕರೆಂಟನ್ನು ರಾತ್ರಿಗೆ ಉಳಿಸಿಕೊಳ್ಳಲು ಬ್ಯಾಟರಿ ಇಟ್ಟಿದ್ದರೆ ಅದರ ಖರ್ಚು ಬೇರೆ, ಕೆಲವು ವರ್ಷಗಳಲ್ಲಿ ಬ್ಯಾಟರಿ ಬದಲಿಸುವ ಖರ್ಚು ಇನ್ನೂ ಬೇರೆ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಫಲಕ ಕೂರಿಸಿದ ದಿನವೇ, ಹೊಸ ಮೀಟರ್ ಬರುವ ಮೊದಲೇ, ಉತ್ಸಾಹ ತಡೆಯಲಾರದೆ ನಾಲ್ಕು ದಿನ ಸ್ವಿಚ್ ಹಾಕಿಟ್ಟೆ. ಹಳೆಯ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಅನೇಕವು ಕರೆಂಟ್ ಯಾವ ದಿಕ್ಕಿಗೆ ಹರಿದರೂ ಬಳಕೆ ಎಂದೇ ಎಣಿಸುತ್ತವೆ ಎಂಬುದು ನನಗೆ ತಿಳಿದದ್ದು ಬಿಲ್ ಬಂದ ಮೇಲೆ. ನಾನು ಕೊಟ್ಟದ್ದಕ್ಕೆ ನಾನೇ ದುಡ್ಡು ಕಟ್ಟಿದೆ. ದಯವಿಟ್ಟು ಯಾರೂ ಅವಸರ ಮಾಡಬೇಡಿ.

ನಿವೃತ್ತ ಉಪನ್ಯಾಸಕರು, 7ನೇ ಮನೆ:

ಕಾರ್ಯದರ್ಶಿಗಳು ಏಪ್ರಿಲ್ ಲೆಕ್ಕವನ್ನು ಕೊಟ್ಟಿದ್ದಾರೆ, ಜುಲೈ ಲೆಕ್ಕವನ್ನು ಕೊಟ್ಟಿಲ್ಲ. ತೀರ್ಥಹಳ್ಳಿ, ಆಗುಂಬೆಯ ಕಡೆಗೆ ಹೋಲಿಸಿದರೆ ಶಿವಮೊಗ್ಗದಲ್ಲಿ ಮಳೆ ಕಡಿಮೆ ಎಂಬುದು ನಿಜವಾದರೂ, ಪುನರ್ವಸು, ಪುಷ್ಯ ಮಳೆ ಹಿಡಿದರೆ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಬೇಸಿಗೆಯಲ್ಲಿ ಉಳಿದ ಯೂನಿಟ್‌ಗಳನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಲು ಬರುತ್ತದೆಯೇ? ಲಿಂಗನಮಕ್ಕಿಯಲ್ಲಿ ಮಳೆಗಾಲದ ನೀರನ್ನು ನಿಲ್ಲಿಸಿಕೊಂಡು ಬೇಸಿಗೆಯಲ್ಲಿ ವಿದ್ಯುತ್ ತೆಗೆಯುವ ಜಿಲ್ಲೆಯವರಾದ ನಮಗೆ ಈ ಪ್ರಶ್ನೆ ಸಹಜವಾಗಿಯೇ ಬರುತ್ತದೆ.

ಕಾರ್ಯದರ್ಶಿ, 12ನೇ ಮನೆ:

ಸರ್, ಕೇಳಿದ್ದು ಒಳ್ಳೆಯದಾಯಿತು. ಕಳೆದ ಜುಲೈನಲ್ಲಿ ನಮ್ಮಲ್ಲಿ ಉತ್ಪಾದನೆಯಾದದ್ದು 165 ಯೂನಿಟ್, ಬಳಕೆ 270. ಆ ತಿಂಗಳು 105 ಯೂನಿಟ್‌ಗೆ ಬಿಲ್ ಕಟ್ಟಿದೆವು. ಏಪ್ರಿಲ್‌ನ 57 ಯೂನಿಟ್ ಜುಲೈಗೆ ಯೂನಿಟ್ ಆಗಿ ಉಳಿಯುವುದಿಲ್ಲ. ಆಯಾ ತಿಂಗಳ ಲೆಕ್ಕ ಆಯಾ ತಿಂಗಳಿಗೇ ತೀರಿ, ಹೆಚ್ಚುವರಿ ಯೂನಿಟ್‌ಗಳಿಗೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಗೊತ್ತುಪಡಿಸಿದ ದರದಲ್ಲಿ ಹಣ ಜಮೆಯಾಗುತ್ತದೆ, ಆ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಆದಕಾರಣ ತಾರಸಿ ದೊಡ್ಡದಿದೆ ಎಂದು ಫಲಕ ತುಂಬಿಸುವುದರಲ್ಲಿ ಅರ್ಥವಿಲ್ಲ. ಹನ್ನೆರಡು ತಿಂಗಳ ಬಿಲ್ ಮುಂದಿಟ್ಟುಕೊಂಡು, ಒಂದು ಕಿಲೋವಾಟ್‌ಗೆ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್, ಸುಮಾರು ನೂರು ಚದರ ಅಡಿ ಜಾಗ ಎಂಬ ಲೆಕ್ಕದಲ್ಲಿ ನಿರ್ಧರಿಸುವುದು ವಿವೇಕ.

8ನೇ ಮನೆಯವರು 5 ಕಿಲೋವಾಟ್ ಹಾಕಿಸುತ್ತೇನೆ ಎಂದಿದ್ದೀರಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಮೊದಲ ಎರಡು ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಹೀಗೆ 78,000 ರೂಪಾಯಿಗೆ ನಿಲ್ಲುತ್ತದೆ. ನಾಲ್ಕು, ಐದನೆಯ ಕಿಲೋವಾಟ್‌ಗೆ ಏನೂ ಇಲ್ಲ. ಅಲ್ಲದೆ ಮನೆಗೆ ಮಂಜೂರಾದ ಲೋಡ್ (ವಿದ್ಯುತ್ ಮಿತಿ) ಹೆಚ್ಚಾದರೆ ನಿಗದಿತ ಶುಲ್ಕವೂ ಕಿಲೋವಾಟ್ ಲೆಕ್ಕದಲ್ಲಿ ಪ್ರತಿ ತಿಂಗಳೂ ಏರುತ್ತದೆ.

ನಿವೃತ್ತ ವಿದ್ಯುತ್ ಇಂಜಿನಿಯರ್, 16ನೇ ಮನೆ:

21ನೇ ಮನೆಯವರ ಕೋರಿಕೆಯಂತೆ ನಿನ್ನೆ ಮಧ್ಯಾಹ್ನ ಹನ್ನೆರಡೂವರೆಗೆ ಮಲ್ಟಿಮೀಟರ್ ಹಿಡಿದು ಹೋಗಿ ನೋಡಿದೆ. ಮೀಟರ್ ಬೋರ್ಡಿನಲ್ಲಿ 249 ವೋಲ್ಟ್, ತಾರಸಿಯ ಇನ್ವರ್ಟರ್ ಬಳಿ 255 ವೋಲ್ಟ್ ಇತ್ತು. ನಮ್ಮ ದೇಶದಲ್ಲಿ ಒಂದು ಫೇಸಿನ (ಕಂಬದ ಮೂರು ವಿದ್ಯುತ್ ತಂತಿಗಳಲ್ಲಿ ಒಂದರ) ನಿಗದಿತ ವೋಲ್ಟೇಜ್ 230, ಅದರ ಶೇಕಡ 110ರಷ್ಟು, ಅಂದರೆ 253 ದಾಟಿದರೆ ಇನ್ವರ್ಟರ್ ಎರಡು ಸೆಕೆಂಡಿನೊಳಗೆ ಕಳಚಿಕೊಳ್ಳಬೇಕೆಂಬುದು ನಿಯಮ. ಆದ್ದರಿಂದ ಯಂತ್ರ ಕೆಟ್ಟಿಲ್ಲ, ತನ್ನ ಕೆಲಸವನ್ನೇ ಮಾಡುತ್ತಿದೆ.

ವೋಲ್ಟೇಜ್ ಏರಲು ಎರಡು ಕಾರಣಗಳು ಕಂಡವು. ಒಂದು ಮನೆಯೊಳಗಿನದು: ಫಲಕ ಕೂರಿಸಿದ ಗುತ್ತಿಗೆದಾರರು ತಾರಸಿಯಿಂದ ಕೆಳಗಿನ ಬೋರ್ಡಿನವರೆಗೆ ಮೂವತ್ತು ಮೀಟರ್ ದೂರಕ್ಕೆ ಎರಡೂವರೆ ಚದರ ಮಿಲಿಮೀಟರಿನ ತಂತಿ ಎಳೆದಿದ್ದಾರೆ. ಹದಿಮೂರು ಆಂಪಿಯರ್ ಹರಿಯುವಾಗ ಅಷ್ಟರಲ್ಲೇ ಐದಾರು ವೋಲ್ಟ್ ವ್ಯತ್ಯಾಸ ಬರುತ್ತದೆ, ಅಳತೆಯಲ್ಲಿ ಸಿಕ್ಕಿದ್ದೂ ಅಷ್ಟೆ. ಆರು ಚದರ ಮಿಲಿಮೀಟರಿನದನ್ನು ಹಾಕಿಸಿದರೆ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇನ್ನೊಂದು ರಸ್ತೆಯದು: ಫಲಕವಿರುವ ಮೂರೂ ಮನೆಗಳು ಒಂದೇ ಫೇಸಿಗೆ ಸೇರಿವೆ, ಟಿಸಿ ಇರುವುದು ರಸ್ತೆಯ ಇನ್ನೊಂದು ತುದಿಯಲ್ಲಿ. ಮಧ್ಯಾಹ್ನ ಎಲ್ಲರೂ ಆಫೀಸಿಗೆ ಹೋಗಿ ಬಳಸುವವರಿಲ್ಲದಾಗ ಮೂರು ಮನೆಯ ಕರೆಂಟ್ ಒಂದೇ ತಂತಿಯಲ್ಲಿ ಟಿಸಿಯತ್ತ ಹಿಂದಕ್ಕೆ ಹರಿಯುವುದರಿಂದ ಈ ತುದಿಯ ವೋಲ್ಟೇಜ್ ಏರುತ್ತದೆ. ಈಗಿನ ಮೂರು ಮತ್ತು ಮುಂದೆ ಬರುವ ಒಂಬತ್ತು ಮನೆಗಳನ್ನು ಮೂರು ಫೇಸುಗಳಿಗೆ ಸಮನಾಗಿ ಹಂಚಿದರೆ ಸಮಸ್ಯೆ ಸಾಕಷ್ಟು ತಗ್ಗುತ್ತದೆ. ಕಂಬದ ಮೇಲಿನ ಆ ಕೆಲಸ ಲೈನ್‌ಮನ್ ಮಾಡುವಂಥದ್ದು, ನಮ್ಮಲ್ಲಿ ಯಾರೂ ಏಣಿ ಹತ್ತುವುದು ಬೇಡ.

ಒಟ್ಟಾಗಿ ಅರ್ಜಿ ಹಾಕುವುದರ ಪ್ರಯೋಜನವೂ ಇದೇ. ಒಬ್ಬೊಬ್ಬರೇ ಹೋದರೆ ಕಡತದಲ್ಲಿ ಒಂದೊಂದು ಮನೆ ಮಾತ್ರ ಕಾಣುತ್ತದೆ, ಹನ್ನೆರಡು ಮನೆಗಳ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಒಟ್ಟಿಗೆ ಕೊಟ್ಟರೆ ಟಿಸಿಯ ಸಾಮರ್ಥ್ಯದ ಪ್ರಶ್ನೆ ಮೊದಲೇ ಎದುರಾಗುತ್ತದೆ. 2024ರಲ್ಲಿ ತಿದ್ದುಪಡಿಯಾದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ 10 ಕಿಲೋವಾಟ್‌ವರೆಗಿನ ಛಾವಣಿ ಘಟಕಕ್ಕೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ, 5 ಕಿಲೋವಾಟ್‌ವರೆಗಿನ ಘಟಕಗಳಿಗಾಗಿ ಟಿಸಿ, ತಂತಿ ಬಲಪಡಿಸಬೇಕಾದರೆ ಅದರ ವೆಚ್ಚ ವಿತರಣಾ ಕಂಪನಿಯದೇ. ಮನವಿಯಲ್ಲಿ ಈ ವಾಕ್ಯವನ್ನು ವಿನಯದಿಂದ, ಆದರೆ ತಪ್ಪದೆ ಸೇರಿಸಬೇಕು.

3ನೇ ಮನೆ:

ನಮಗೆ ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದೆ. ಹೀಗಿರುವಾಗ ಎರಡು ಲಕ್ಷದ ಆಸುಪಾಸಿನ ಖರ್ಚನ್ನು ನಾವು ಏಕೆ ಮೈಮೇಲೆ ಎಳೆದುಕೊಳ್ಳಬೇಕು? ಕರೆಂಟ್ ಹೋದಾಗಲಾದರೂ ಫಲಕ ನಮ್ಮ ಮನೆಯನ್ನು ನಡೆಸುತ್ತದೆಯೇ?

ಕಾರ್ಯದರ್ಶಿ, 12ನೇ ಮನೆ:

ಮೇಡಂ, ನೇರವಾಗಿ ಹೇಳುತ್ತೇನೆ: ನೀವು ಈಗ ಹಾಕಿಸುವುದು ಬೇಡ. ಇಬ್ಬರೇ ಇರುವ, ತಿಂಗಳಿಗೆ ಎಂಬತ್ತು ತೊಂಬತ್ತು ಯೂನಿಟ್ ದಾಟದ ಮನೆಗೆ ಇದರಿಂದ ಉಳಿತಾಯವಿಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದವರು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆಯಲ್ಲ, ಅಂಥ ಮನೆಗಳಿಗೆ ಇದು ಹೇಳಿಮಾಡಿಸಿದ್ದು. ನಮ್ಮ ಮನೆಯಲ್ಲಿ ಸಹಾಯಧನ ಕಳೆದು ಕೈಯಿಂದ ಹೋದ ಹಣ ಆರು ವರ್ಷದ ಒಳಗೆ ತೀರುತ್ತದೆ ಎಂಬುದು ನನ್ನ ಅಂದಾಜು.

ಕರೆಂಟ್ ಹೋದಾಗ ಬ್ಯಾಟರಿ ಇಲ್ಲದ ನೆಟ್ ಮೀಟರ್ ಘಟಕವೂ ನಿಲ್ಲುತ್ತದೆ, ಸುಡುಬಿಸಿಲಿದ್ದರೂ ಸರಿ. ಲೈನ್ ಆಫ್ ಮಾಡಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯ ಕರೆಂಟ್ ಹೊಡೆಯಬಾರದೆಂದು ಹಾಗೆ ಮಾಡಿದ್ದಾರೆ. ಮಳೆಗಾಳಿಗೆ ಮರ ಬಿದ್ದು ದಿನಗಟ್ಟಲೆ ಕತ್ತಲಾಗುವ ನಮ್ಮ ಊರುಗಳಲ್ಲಿ ಇದೊಂದು ಕೊರತೆಯೇ, ಈಗಿರುವ ಯುಪಿಎಸ್ಸನ್ನು ಯಾರೂ ಮಾರಿಬಿಡಬೇಡಿ.

19ನೇ ಮನೆ:

ನಾವು ಒಪ್ಪಿದ್ದೇವೆ. ಆದರೆ ಕೊಯ್ಲಿನ ಕಾಲದಲ್ಲಿ ಊರಿನಿಂದ ಬರುವ ಬೇಯಿಸಿದ ಅಡಿಕೆಯನ್ನು ತಾರಸಿಯ ಮೇಲೇ ಒಣಗಿಸುತ್ತೇವೆ, ಆದ್ದರಿಂದ ಫಲಕಗಳನ್ನು ಆಳೆತ್ತರದ ಚೌಕಟ್ಟಿನ ಮೇಲೆ ಕೂರಿಸಬೇಕಾಗುತ್ತದೆ. ಇನ್ನೊಂದು ವಿಷಯ, ನಮ್ಮ ತೆಂಗಿನ ಮರದ ನೆರಳು ಮಧ್ಯಾಹ್ನ ಮೂರರ ನಂತರ 20ನೇ ಮನೆಯ ತಾರಸಿಗೆ ಬೀಳುತ್ತದೆಂದು ಅವರು ಸಂಕೋಚದಿಂದ ಹೇಳಿದ್ದರು.

ಇಂಜಿನಿಯರ್, 16ನೇ ಮನೆ:

ಎತ್ತರದ ಚೌಕಟ್ಟಿಗೆ ಗಾಳಿಯ ಹೊಡೆತ ಹೆಚ್ಚು, ಕಾಲುಗಳನ್ನು ತೊಲೆಯ ಮೇಲೇ ಕೂರಿಸಿ, ಸಿಡಿಲಿಗೆ ಪ್ರತ್ಯೇಕ ಅರ್ಥಿಂಗ್ ಮಾಡಿಸಿ. ಒಂದು ಫಲಕದ ಮೂಲೆಗೆ ಗರಿಯ ನೆರಳು ಬಿದ್ದರೂ ಸರಣಿಯಲ್ಲಿರುವ ಉಳಿದ ಫಲಕಗಳ ಉತ್ಪಾದನೆಗೂ ಪೆಟ್ಟು ಬೀಳಬಹುದು. 20ನೇ ಮನೆಯವರು ಫಲಕಗಳನ್ನು ಪೂರ್ವದ ಕಡೆಗೆ ಸರಿಸಿ ಹಾಕಿಸಿದರೆ ಮರಕ್ಕೆ ಕೈ ಹಚ್ಚಬೇಕಾಗಿಲ್ಲ.

ಕಾರ್ಯದರ್ಶಿ, 12ನೇ ಮನೆ:

ಹಾಗಾದರೆ ಭಾನುವಾರ ಬೆಳಗ್ಗೆ ಹತ್ತಕ್ಕೆ ನಮ್ಮ ಮನೆಯ ಜಗಲಿಯಲ್ಲಿ ಸೇರೋಣ. ಹನ್ನೆರಡು ತಿಂಗಳ ಬಿಲ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ನಕಲು ತನ್ನಿ. ಬಿಲ್ ಇನ್ನೂ ತೀರಿಹೋದ ಹಿರಿಯರ ಹೆಸರಿನಲ್ಲೇ ಇರುವ ನಾಲ್ಕು ಮನೆಯವರು ಹೆಸರು ಬದಲಾವಣೆಯ ಅರ್ಜಿಯನ್ನು ಈ ವಾರವೇ ಕೊಡಿ, ಹಳೆಯ ಹೆಸರೇ ಉಳಿದರೆ ಸಹಾಯಧನ ನಿಂತುಹೋಗಲು ಅಷ್ಟೇ ಸಾಕು. ಮನವಿಯ ಕರಡನ್ನು 7ನೇ ಮನೆಯ ಸರ್ ಬರೆಯುತ್ತಾರೆ.

ನಿವೃತ್ತ ಉಪನ್ಯಾಸಕರು, 7ನೇ ಮನೆ:

ಬರೆಯುತ್ತೇನೆ. ಇಂಜಿನಿಯರ್ ಅವರು ಇಂದಿನಿಂದ ಶನಿವಾರದವರೆಗೆ ದಿನವೂ ಮಧ್ಯಾಹ್ನ ಹನ್ನೆರಡೂವರೆಗೆ ಮೂರೂ ಮನೆಗಳ ವೋಲ್ಟೇಜ್ ಬರೆದುಕೊಟ್ಟರೆ ಅದನ್ನೇ ಮನವಿಯ ಮೊದಲ ಪುಟವಾಗಿ ಇಡುತ್ತೇನೆ.