ಸಾಲಿಡಾರಿಟಿ: ಬೆಂಬಲವೋ, ಒಗ್ಗಟ್ಟೋ, ಒತ್ತಾಸೆಯೋ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಪ್ಪು ಜನರ ಚಳವಳಿ ಬಗ್ಗೆ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ, ಸಾಲಿಡಾರಿಟಿ (solidarity) ಅನ್ನೋ ಇಂಗ್ಲಿಷ್ ಪದಕ್ಕೆ ಕನ್ನಡದ ಮಾತು ಹುಡುಕುತ್ತಾ ಸಿಕ್ಕಿಕೊಂಡಿದ್ದೇನೆ. ನಿಘಂಟಿನಲ್ಲಿ ಐಕಮತ್ಯ, ಒಗ್ಗಟ್ಟು. ಪತ್ರಿಕೆಗಳಲ್ಲಿ ಬೆಂಬಲ. ಮೂರೂ ಒಗ್ಗುತ್ತಿಲ್ಲ.

ಸಂದರ್ಭ ಇದು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಡೆರೆಕ್ ಶಾವಿನ್ ಎಂಬ ಪೊಲೀಸು ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಕುತ್ತಿಗೆ ಮೇಲೆ ಒಂಬತ್ತು ನಿಮಿಷಕ್ಕೂ ಜಾಸ್ತಿ ಮಂಡಿಯೂರಿ ಕೊಂದ. (ಕೊಲೆ ಅಂತಲೇ ಮರುವರ್ಷ ಕೋರ್ಟಿನಲ್ಲಿ ತೀರ್ಮಾನವಾಯಿತು, ಹಾಗಾಗಿ 'ಸಾವಿಗೆ ಕಾರಣನಾದ' ಅಂತ ಸುತ್ತಿ ಬಳಸಿ ಬರೆಯಬೇಕಿಲ್ಲ.) ಜನ ಬೀದಿಗಿಳಿದರು. ಬಂಧಿಸಿದವರನ್ನು ಸಿಟಿ ಬಸ್ಸಿನಲ್ಲಿ ತುಂಬಿ ಸಾಗಿಸುವ ಮಾತು ಬಂದಾಗ, ನಾವು ಓಡಿಸುವುದಿಲ್ಲ ಅಂದರು ಕೆಲವು ಡ್ರೈವರುಗಳು. ಅವರ ಯೂನಿಯನ್ನೂ ಆ ಕೆಲಸ ಒಲ್ಲೆ ಅನ್ನುವ ಹಕ್ಕು ನಿಮಗಿದೆ ಎಂದಿತು. ಆ ಗಲಾಟೆಯಲ್ಲೇ ಅಲ್ಲಿನ ಪೊಲೀಸ್ ಠಾಣೆ ಹತ್ತಿರ 'ಗಾಂಧಿ ಮಹಲ್' ಅನ್ನೋ ಹೋಟೆಲ್ ಸುಟ್ಟುಹೋಯಿತು. ಗಾಯಗೊಂಡ ಪ್ರತಿಭಟನಕಾರರ ಆರೈಕೆಗೆ ಜಾಗ ಬಿಟ್ಟುಕೊಟ್ಟಿದ್ದ ಹೋಟೆಲ್ ಅದು. ಬಾಂಗ್ಲಾದೇಶ ಮೂಲದ ಮಾಲೀಕರು ಹೇಳಿದ್ದು, ಕಟ್ಟಡ ಸುಟ್ಟರೆ ಸುಡಲಿ, ನ್ಯಾಯ ಸಿಗಬೇಕು ಅಂತ.

ಇದಕ್ಕೆ ಸುಮ್ನೆ ಬೆಂಬಲ ಅಂದರೆ ಸಾಕಾ? ಬೆಂಬಲವನ್ನು ಮನೆಯಲ್ಲಿ ಕೂತೂ ಕೊಡಬಹುದು, ಬೇಡವಾದಾಗ ವಾಪಸ್ ತೆಗೆದುಕೊಳ್ಳಲೂಬಹುದು, ವಿಧಾನಸೌಧದಲ್ಲಿ ಎಷ್ಟು ಸಲ ನೋಡಿಲ್ಲ. ಒಗ್ಗಟ್ಟು ಅಂದರೆ ಒಳಗಿನವರ ಮಾತು: ಒಂದು ಊರು, ಒಂದು ಮನೆ, ಒಂದು ಸಂಘ. ಇಲ್ಲಿ ಹೊರಗಿನವರು ಬಂದು ನಿಂತಿದ್ದಾರೆ, ಅದೇ ವಿಶೇಷ. ಐಕಮತ್ಯಕ್ಕೆ ಎಲ್ಲರ ಮತ ಒಂದೇ ಆಗಿರಬೇಕು. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಅರ್ಜಿಯ ಪ್ರತಿ ಕೇಳಿದ್ದು ಮತ ಒಂದಾಗಿತ್ತು ಅಂತಲ್ಲ, ದಲಿತರ ಪಾಡೂ ಕಪ್ಪು ಜನರ ಪಾಡೂ ಒಂದೇ ಥರ ಕಂಡಿತ್ತು ಅಂತ. 1972ರಲ್ಲಿ ಮುಂಬೈಯ ದಲಿತ್ ಪ್ಯಾಂಥರ್ಸ್ ಸಂಘಟನೆ ಅಮೆರಿಕದ ಕಪ್ಪು ಜನರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನೇ ತಂದುಕೊಂಡಾಗಲೂ ಹಾಗೆಯೇ ಅಲ್ವಾ?

ದನಿಗೂಡಿಸು ನನಗೆ ಇಷ್ಟ, ಆದರೆ ಆ ಡ್ರೈವರುಗಳು ಮಾಡಿದ್ದು ಕೂಗಿದ್ದಲ್ಲ, ಸ್ಟಿಯರಿಂಗ್ ಮುಟ್ಟಲ್ಲ ಅಂದಿದ್ದು. ಹೆಗಲು ಕೊಡು ಅಂದರೆ ಚಟ್ಟ ನೆನಪಾಗುತ್ತದೆ.

ಸದ್ಯಕ್ಕೆ ಒತ್ತಾಸೆ ಅಂತ ಇಟ್ಟುಕೊಂಡಿದ್ದೇನೆ: 'ಬಸ್ ಡ್ರೈವರುಗಳು ಚಳವಳಿಗೆ ಒತ್ತಾಸೆಯಾಗಿ ನಿಂತರು.' ವಾಕ್ಯದಲ್ಲಿ ಚೆನ್ನಾಗಿಯೇ ಕೂರುತ್ತದೆ. ಒಂದೇ ಅನುಮಾನ, ಒತ್ತಾಸೆ ಅಂದರೆ ದೊಡ್ಡವರು ಚಿಕ್ಕವರಿಗೆ ಕೊಡುವ ಆಸರೆಯ ಹಾಗೆ ಕೇಳಿಸುತ್ತದೆಯೇ? ನಿಮ್ಮ ಕಡೆ ಸರೀಕರ ನಡುವೆಯೂ ಈ ಮಾತು ಬಳಸುತ್ತಾರಾ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ಕಾರ್ಮಿಕ ಸಂಘಗಳಲ್ಲಿ ಇದ್ದವರು, ನಿಮ್ಮ ಕರಪತ್ರಗಳಲ್ಲಿ ಇದಕ್ಕೆ ಏನು ಬರೆಯುತ್ತಿದ್ದಿರಿ ಅನ್ನೋದನ್ನೂ ತಿಳಿಸಿ.